ಬುಡ್ಡೆಹಣ್ಣಿನ ಜಾಮು ಕಹಿಯಾದ ತಿಂಗಳು

ಆ ಬಸ್ ಡಿಪೋದಲ್ಲಿ ಮ್ಯಾನೇಜರರ ಮಾತು ನಡೆಯದ ಜಾಗ ಒಂದೇ ಒಂದು, ಅದು ಕ್ಯಾಂಟೀನು. ಅಲ್ಲಿ ಅಕ್ಕನದೇ ದರ್ಬಾರು. ಅವಳು ಯಾರ ಅಕ್ಕ ಎಂದು ಯಾರೂ ಕೇಳಿದ್ದಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಯಾವನೋ ಕಂಡಕ್ಟರ್ ಚಹಾ ಕೇಳುವಾಗ ಹಾಗೆ ಕರೆದ, ಅದೇ ನಿಂತುಬಿಟ್ಟಿತು. ಅವಳಿಗಿಂತ ಮೂರು ವರ್ಷ ದೊಡ್ಡವನಾದ ಹಾರ್ನ್ ಅಣ್ಣ ಕೂಡ ಅವಳನ್ನು ಅಕ್ಕ ಎನ್ನುತ್ತಾನೆ, ಅವಳು ಅವನನ್ನು ಅಣ್ಣ ಎನ್ನುತ್ತಾಳೆ. ಇಬ್ಬರಿಗೂ ಇದರಲ್ಲಿ ತಪ್ಪೇನೂ ಕಂಡಿಲ್ಲ. ಹಾರ್ನ್ ಅಣ್ಣ ಎಂದರೆ ಡಿಪೋದ ಅತಿ ಹಿರಿಯ ಡ್ರೈವರು. ಖಾಲಿ ರಸ್ತೆಯಲ್ಲೂ ಹಾರ್ನ್ ಹೊಡೆಯದೆ ಅವನ ಕೈ ಸುಮ್ಮನಿರುವುದಿಲ್ಲ, ಆ ಹೆಸರು ಅದಕ್ಕೇ ಬಂದದ್ದು.

ಕ್ಯಾಂಟೀನು ದೊಡ್ಡದೇನಲ್ಲ. ಆರು ಬೆಂಚು, ಆರು ಉದ್ದ ಮೇಜು, ಎರಡು ಒಲೆ, ಹಬೆಯಿಂದ ಮಸುಕಾದ ಒಂದು ಕಿಟಕಿ. ಬೆಳಿಗ್ಗೆ ಮೊದಲ ಬಸ್ಸು ಹೊರಡುವ ಮುಂಚೆ ಎಲ್ಲರಿಗೂ ಒಂದೇ ತಿಂಡಿ: ಚಹಾ, ಬೇಯಿಸಿದ ಮೊಟ್ಟೆ, ನಾಲ್ಕು ತುಂಡು ಬ್ರೆಡ್ಡು, ಅದರ ಮೇಲೆ ಬುಡ್ಡೆಹಣ್ಣಿನ ಜಾಮು. ಈ ಜಾಮಿಗೋಸ್ಕರವೇ ವರ್ಗ ಮಾಡಿಸಿಕೊಂಡು ಈ ಡಿಪೋಗೆ ಬಂದವರಿದ್ದಾರೆ ಎಂದು ಹಾರ್ನ್ ಅಣ್ಣ ಹೇಳುತ್ತಾನೆ. ಅವನ ಮಾತಿನಲ್ಲಿ ಅರ್ಧ ಬಿಟ್ಟು ಅರ್ಧ ನಂಬಿದರೂ ಜಾಮಿನ ಮಹಿಮೆ ಕಡಿಮೆಯದಲ್ಲ ಎಂಬುದು ತಿಳಿಯುತ್ತದೆ.

ಬುಡ್ಡೆಹಣ್ಣು ಗೊತ್ತಲ್ಲ? ಕೆಲವರು ಗುಪ್ಪಟೆ ಹಣ್ಣು ಅಂತಾರೆ. ಒಣ ಕಾಗದದ ಪುಟ್ಟ ಬುಡ್ಡೆಯಂಥ ಸಿಪ್ಪೆ, ಅದನ್ನು ಬಿಡಿಸಿದರೆ ಒಳಗೆ ಗೋಲಿಯಷ್ಟು ದೊಡ್ಡ ಹೊಂಬಣ್ಣದ ಹಣ್ಣು. ಕ್ಯಾಂಟೀನಿನ ಹಿಂದೆ, ಕಾಂಪೌಂಡ್ ಗೋಡೆಗೂ ಹಳೇ ಟಯರ್ ರಾಶಿಗೂ ನಡುವಿನ ಪಟ್ಟಿ ಜಾಗದಲ್ಲಿ ಅಕ್ಕ ಮೂವತ್ತು ಗಿಡ ಬೆಳೆಸುತ್ತಾಳೆ. ಬೀಜವನ್ನು ತಗಡಿನ ಡಬ್ಬಗಳಲ್ಲಿ ಮೊಳಕೆ ಬರಿಸಿ, ಸಸಿ ಒಂದು ಗೇಣು ಆದ ಮೇಲೆ ನೆಲಕ್ಕಿಳಿಸುತ್ತಾಳೆ. ಗೊಬ್ಬರ ಮಾತ್ರ ಹಾಕುವುದಿಲ್ಲ. ಮೊದಲ ವರ್ಷ ಪ್ರೀತಿ ಹೆಚ್ಚಾಗಿ ಗೊಬ್ಬರ ಸುರಿದಿದ್ದಳು. ಗಿಡ ಎದೆಯೆತ್ತರ ಬೆಳೆದು, ಎಲೆಯೋ ಎಲೆ, ಹಣ್ಣು ಮಾತ್ರ ಎಣಿಸಿ ಇಪ್ಪತ್ತು. "ಇದಕ್ಕೆ ಉಪಚಾರ ಜಾಸ್ತಿ ಆದ್ರೆ ಕೊಬ್ಬುತ್ತೆ, ಥೇಟ್ ನಮ್ಮ ಕಂಡಕ್ಟರ್‌ಗಳ ಹಾಗೆ" ಎಂದು ಅಂದಿನಿಂದ ಹೇಳುತ್ತಾ ಬಂದಿದ್ದಾಳೆ.

ಇನ್ನೊಂದು ಕಟ್ಟಪ್ಪಣೆಯಿದೆ. ಗಿಡದಿಂದ ಯಾರೂ ಹಣ್ಣು ಕೀಳಕೂಡದು. ಬುಡ್ಡೆಹಣ್ಣು ಪಕ್ವವಾದಾಗ ಸಿಪ್ಪೆ ಸಮೇತ ತಾನೇ ಬೀಳುತ್ತದೆ, ಬಿದ್ದದ್ದನ್ನು ಆರಿಸಬೇಕು ಅಷ್ಟೆ. ಅದಕ್ಕೆಂದು ಗಿಡಗಳ ಬುಡದಲ್ಲಿ ಹಳೆಯ ಬಟ್ಟೆ ಹಾಸಿರುತ್ತಾಳೆ. ಅವು ಬಸ್ಸಿನ ಮುಂದೆ ಊರ ಹೆಸರು ಬರೆದು ಹಾಕುತ್ತಿದ್ದ ಕ್ಯಾನ್ವಾಸ್ ತುಂಡುಗಳು, ಬರೆದವನು ಅವಳ ಗಂಡನೇ. ಬೋರ್ಡ್ ಬರೆಯುವ ಕೆಲಸದಿಂದ ಅವನು ನಿವೃತ್ತನಾಗಿ ಎರಡು ವರ್ಷವಾಯಿತು, ಆದರೆ ಅವನ ಅಕ್ಷರದ ಮೇಲೆ ಇಂದಿಗೂ ಹಣ್ಣು ಬೀಳುತ್ತವೆ. ದಿನಾ ಬೆಳಿಗ್ಗೆ ಆರಿಸಿ, ಸಿಪ್ಪೆ ಬಿಡಿಸದೆ ಬುಟ್ಟಿಯಲ್ಲಿ ಹರವಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಸಾಕಷ್ಟು ಸೇರಿದ ಮೇಲೆ, ಕ್ಯಾಂಟೀನಿಗೆ ರಜೆ ಇರುವ ಒಂದು ಭಾನುವಾರ ಜಾಮು.

ಜಾಮಿನ ಕೆಲಸದಲ್ಲಿ ಅಕ್ಕ ಯಾರನ್ನೂ ಹತ್ತಿರ ಸೇರಿಸಿದವಳಲ್ಲ. ಸಿಪ್ಪೆ ಬಿಡಿಸಿದ ಹಣ್ಣಿನ ಮೈಮೇಲೆ ಒಂದು ಅಂಟಿರುತ್ತದೆ, ಅದು ಕಹಿ. ಬೆಚ್ಚನೆ ನೀರಿನಲ್ಲಿ ಅಂಟು ಹೋಗುವವರೆಗೆ ಉಜ್ಜಿ ಉಜ್ಜಿ ತೊಳೆಯಬೇಕು. ಆಮೇಲೆ ಸಕ್ಕರೆ. ಅದಕ್ಕೆ ಅಳತೆಯೇ ಇಲ್ಲ. ಬಿಸಿಲು ಜಾಸ್ತಿ ಬಿದ್ದ ವರ್ಷ ಹಣ್ಣು ಸಿಹಿ, ಮೋಡದ ವರ್ಷ ಹುಳಿ. ಹಾಗಾಗಿ ಒಂದು ಹಿಡಿ ಹಾಕುವುದು, ನೆಕ್ಕಿ ನೋಡುವುದು, ಮತ್ತೆ ಒಂದು ಹಿಡಿ. ಕಲಿಸಿ ಎಂದು ಕೇಳಿಕೊಂಡು ಬಂದವರಿಗೆಲ್ಲ ಅವಳದು ಒಂದೇ ಉತ್ತರ: "ಕೈಕೆಲಸ ಕಲಿಸಬಹುದು ಕಣಮ್ಮ, ನಾಲಿಗೆ ಎಲ್ಲಿಂದ ಕಲಿಸ್ಲಿ?" ಎಷ್ಟು ಜಂಬದಿಂದ ಹೇಳುತ್ತಿದ್ದಳು ಆ ಮಾತನ್ನು! ಅದೇ ನಾಲಿಗೆ ಕೈಕೊಡುತ್ತದೆಂದು ಯಾರಿಗೆ ಗೊತ್ತಿತ್ತು?

ಆ ವರ್ಷ ಹೂ ಕಳೆದು ಬುಡ್ಡೆ ತುಂಬುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಎಂಟು ದಿನ ಹಾಸಿಗೆ. ಒಂಬತ್ತನೆಯ ದಿನ ಎದ್ದು ಮುಖ ತೊಳೆಯುವಾಗ ಸೋಪಿಗೆ ವಾಸನೆಯಿಲ್ಲ. ಮೂಗು ಕಟ್ಟಿರಬೇಕು ಎಂದುಕೊಂಡಳು. ಚಹಾ ಕುಡಿದಳು, ಬಿಸಿನೀರು ಕುಡಿದಂತಾಯಿತು. ಬೆರಳ ತುದಿಯಲ್ಲಿ ಉಪ್ಪು ತೆಗೆದು ನಾಲಿಗೆ ಮೇಲಿಟ್ಟಳು. ಉಪ್ಪು ಮರಳಾಗಿತ್ತು. ಸಕ್ಕರೆಯೂ ಮರಳೇ.

ನಾಳೆ ಸರಿಹೋಗುತ್ತೆ, ನಾಡಿದ್ದು ಸರಿಹೋಗುತ್ತೆ ಎಂದು ಮೂರು ವಾರ ಕಾದಳು. ಡಾಕ್ಟರು ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ, "ಬರಬಹುದು, ಬರದೇನೂ ಇರಬಹುದು. ಕಾಯೋದೇ ಔಷಧಿ" ಎಂದು ಕಳಿಸಿದರು. ಇದೊಳ್ಳೆ ಔಷಧಿ! ಅವಳು ಯಾರಿಗೂ ಹೇಳಲಿಲ್ಲ. ರುಚಿ ತಿಳಿಯದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಕಣ್ಣು ಕಾಣದ ಡ್ರೈವರನ್ನು ಒಂದು ದಿನವಾದರೂ ಇಟ್ಟುಕೊಳ್ಳುತ್ತಾರಾ? ಇನ್ನು ನಾಲ್ಕು ವರ್ಷ ಕೆಲಸ ಬಾಕಿಯಿತ್ತು. ಆದರೆ ಭಯ ಕೆಲಸದ್ದೊಂದೇ ಆಗಿರಲಿಲ್ಲ. ಆ ಕ್ಯಾಂಟೀನಿನಲ್ಲಿ ಅವಳು ಅಕ್ಕ ಎನಿಸಿಕೊಂಡದ್ದು ಆ ನಾಲಿಗೆಯ ಬಲದ ಮೇಲೆ. ಅದೇ ಇಲ್ಲವೆಂದ ಮೇಲೆ ತಾನು ಮೇಜು ಒರೆಸುವವಳು ಮಾತ್ರ ಎಂದು ಅವಳಿಗನಿಸಿತು.

ಗಂಡನಿಗಾದರೂ ಹೇಳಬಹುದಿತ್ತಲ್ಲ ಅಂತೀರಾ? ಅವನು ಮೂವತ್ತು ವರ್ಷದಿಂದ ಏನು ಬಡಿಸಿದರೂ "ಚೆನ್ನಾಗಿದೆ" ಎನ್ನುವ ಆಸಾಮಿ. ಸೀದದ್ದೂ ಚೆನ್ನಾಗಿದೆ, ಬೇಯದ್ದೂ ಚೆನ್ನಾಗಿದೆ. ಒಮ್ಮೆ ಸಿಟ್ಟಿನಲ್ಲಿ ಬರೀ ತಟ್ಟೆ ಮುಂದಿಟ್ಟಾಗಲೂ ಚೆನ್ನಾಗಿದೆ ಅಂದನೆಂದು ಅಕ್ಕ ಹೇಳುತ್ತಾಳೆ. ಅವನಿಂದ ರುಚಿ ತಿಳಿದುಕೊಳ್ಳುವುದಕ್ಕಿಂತ ಗೋಡೆಯನ್ನು ಕೇಳುವುದು ವಾಸಿ.

ಕ್ಯಾಂಟೀನಿನ ಬೇರೆ ಕೆಲಸ ಹೇಗೋ ನಡೆಯಿತು. ಮೊಟ್ಟೆಗೆ ಗಡಿಯಾರ ಸಾಕು, ಬ್ರೆಡ್ಡು ಬೇಕರಿಯಿಂದ ಬರುತ್ತದೆ. ಎಡವಿದ್ದು ಚಹಾದಲ್ಲಿ. ಅವಳು ಚಹಾಸೊಪ್ಪು ಹಾಕುತ್ತಿದ್ದದ್ದು ಮೂಗಿನ ಅಂದಾಜಿನಲ್ಲಿ, ಘಮ ಏಳುವವರೆಗೆ. ಈಗ ಘಮವೆಲ್ಲಿಂದ ಬರಬೇಕು? ಚಹಾ ದಿನೇ ದಿನೇ ತೆಳ್ಳಗಾಯಿತು. ಕೊನೆಗೊಂದು ದಿನ ಗೋಡೆಗೆ ದಾರ ಕಟ್ಟಿ ನೇತುಹಾಕಿದ್ದ ದೂರಿನ ಪುಸ್ತಕದಲ್ಲಿ ಒಂದು ಸಾಲು ಕಾಣಿಸಿಕೊಂಡಿತು: 'ಕಳೆದ ಹನ್ನೆರಡು ದಿನಗಳಿಂದ ಚಹಾ ತೆಳುವಾಗಿದೆ.' ಕೆಳಗೆ ಹದಿನಾಲ್ಕು ಜನರ ಸಹಿ. ಬರೆದ ಅಕ್ಷರ ಟೈಂಕೀಪರನದು.

ಟೈಂಕೀಪರ್ ಎಂದರೆ ಬಸ್ಸು ಬರುವ ಹೋಗುವ ಹೊತ್ತು ಬರೆದಿಡುವವನು. ಒಣಗಿದ ಮನುಷ್ಯ. ಸ್ವಂತ ಭಾವಮೈದುನನ ಬಸ್ಸು ಎರಡು ನಿಮಿಷ ತಡವಾಗಿ ಬಂದಾಗ ಎರಡು ನಿಮಿಷ ಎಂದೇ ಬರೆದವನು. ಆಗ ಮನೆಯಲ್ಲಿ ಅವನ ಹೆಂಡತಿ ಒಂದು ವಾರ ಮಾತುಬಿಟ್ಟಳಂತೆ, ಅವನು ಆ ದಿನಗಳನ್ನೂ ಎಲ್ಲೋ ಬರೆದಿಟ್ಟಿರಬೇಕು ಎಂದು ಡ್ರೈವರುಗಳು ನಗುತ್ತಾರೆ.

ಅಕ್ಕ ಪುಸ್ತಕ ಓದಿದಳು. ಮುಖ ಗಂಟಿಕ್ಕಿತು. "ಇಪ್ಪತ್ತಾರು ವರ್ಷ ಕುಡಿದಾಗ ಒಬ್ರೂ ಒಂದು ಒಳ್ಳೆ ಮಾತು ಬರೀಲಿಲ್ಲ. ಹನ್ನೆರಡು ದಿನಕ್ಕೆ ಹದಿನಾಲ್ಕು ಸಹಿ! ಕೈಗೆ ಅಷ್ಟೊಂದು ಬಿಡುವಿದ್ರೆ ಲೋಟ ತೊಳೀರಿ" ಎಂದು ಆರೂ ಬೆಂಚಿಗೆ ಕೇಳುವಂತೆ ಗುಡುಗಿದಳು. ಎಲ್ಲರೂ ಮೊಟ್ಟೆ ಸುಲಿಯತೊಡಗಿದರು. ಮರುದಿನದಿಂದ ಅವಳು ಚಮಚದಲ್ಲಿ ಅಳೆದು ಸೊಪ್ಪು ಹಾಕಿದಳು, ಚಹಾ ಸರಿಹೋಯಿತು.

ಅದಾದ ಎರಡನೆಯ ಭಾನುವಾರ ವರ್ಷದ ಮೊದಲ ಜಾಮು. ಜ್ವರದ ನಿಶ್ಶಕ್ತಿ ಇನ್ನೂ ಇದ್ದುದರಿಂದ ಹಣ್ಣು ತೊಳೆಯುವುದನ್ನು ಗಂಡನಿಗೆ ಒಪ್ಪಿಸಿದಳು. ಅವನು ಮನೆಯ ಬಚ್ಚಲಲ್ಲಿ ತಣ್ಣೀರಿನಲ್ಲಿ ಎರಡು ಸಲ ಅದ್ದಿ ತೆಗೆದು ತಂದುಕೊಟ್ಟ. ಅವಳು ಅಭ್ಯಾಸಬಲದಿಂದ ಒಂದು ಹಣ್ಣು ನೆಕ್ಕಿದಳು, ಏನೂ ತಿಳಿಯಲಿಲ್ಲ, ಸರಿಯಿರಬೇಕೆಂದು ಪಾತ್ರೆಗೆ ಸುರಿದಳು. ಸಕ್ಕರೆಯನ್ನು ಹೋದ ವರ್ಷದ ನೆನಪಿನ ಮೇಲೆ ಹಾಕಿದಳು. ಸೌಟಿನಿಂದ ತಿರುವುತ್ತಾ ಕಿಟಕಿಯಾಚೆ ನೋಡುತ್ತಾ ಯಾವುದೋ ಯೋಚನೆಯಲ್ಲಿದ್ದಾಗ ತಳ ಹಿಡಿಯಿತು. ಬೇರೆ ವರ್ಷವಾಗಿದ್ದರೆ ಮೂಗು ತಕ್ಷಣ ಎಚ್ಚರಿಸುತ್ತಿತ್ತು. ಈ ಸಲ ಅವಳು ಸುಮ್ಮನೆ ತಿರುವುತ್ತಲೇ ಇದ್ದಳು. ಬಣ್ಣ ಸ್ವಲ್ಪ ಕಂದಾಯಿತು, ಅಷ್ಟೇ. ನಲವತ್ತು ಬಾಟಲಿ ತುಂಬಿ, ಮುಚ್ಚಳ ಬಿಗಿದು, ಹೇಗೋ ದೇವರು ದಾಟಿಸಿದ ಎಂದು ನಿಟ್ಟುಸಿರು ಬಿಟ್ಟಳು.

ಸೋಮವಾರ ಬಡಿಸಿದಳು. ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಳು. ಹಾರ್ನ್ ಅಣ್ಣ ಒಂದು ಕಚ್ಚು ಕಚ್ಚಿದ, ಅವನ ಹುಬ್ಬು ಮೇಲೇರಿತು, ಪಕ್ಕದವನ ಮುಖ ನೋಡಿದ. ಪಕ್ಕದವನು ಅವನ ಮುಖ ನೋಡಿದ. ಆಮೇಲೆ ಇಬ್ಬರೂ ತಲೆ ತಗ್ಗಿಸಿ ಅಗಿಯತೊಡಗಿದರು. ಯಾರೂ ಮಾತಾಡಲಿಲ್ಲ, ಯಾರೂ ಬಿಡಲಿಲ್ಲ. ಟೈಂಕೀಪರ್ ಒಬ್ಬನೇ ಬ್ರೆಡ್ಡನ್ನು ಬರಿದೇ ತಿಂದ, ಬೈಸಿಕೊಂಡ ಮುನಿಸಿರಬೇಕು ಎಂದು ಅವಳು ಬಿಟ್ಟಳು. ಜಾಮು ಗೆದ್ದಿತು ಎಂದುಕೊಂಡಳು ಅಕ್ಕ. ಇಷ್ಟು ಮೌನವಾಗಿ, ಇಷ್ಟು ಶ್ರದ್ಧೆಯಿಂದ ಅವರು ತಿಂದದ್ದನ್ನು ಅವಳು ಕಂಡಿದ್ದೇ ಇಲ್ಲ.

ಹೀಗೆ ಒಂದು ತಿಂಗಳು ಹೋಯಿತು. ಆಮೇಲೆ ಇರುವೆ ಬಂದವು.

ನಾಲ್ಕನೆಯ ಮೇಜಿನ ಕಾಲಿನ ಮೇಲೆ ಇರುವೆ ಸಾಲು ಹತ್ತುತ್ತಿದ್ದದ್ದನ್ನು ಅವಳು ಒಂದು ಮಧ್ಯಾಹ್ನ ನೋಡಿದಳು. ಮೇಜಿನ ಮೇಲೆ ಏನೂ ಇಲ್ಲ. ಮಂಡಿಯೂರಿ, ನೋಯುವ ಸೊಂಟವನ್ನು ಬೈದುಕೊಂಡು ಕೆಳಗೆ ಬಗ್ಗಿ ನೋಡಿದರೆ, ಹಲಗೆಯ ತಳಭಾಗದ ತುಂಬ ಜಾಮು! ಒಂದೊಂದು ಬೆರಳಷ್ಟು, ಮೆತ್ತಿ ಮೆತ್ತಿ ಒಣಗಿದೆ. ಐದನೆಯ ಮೇಜಿನ ಕೆಳಗೂ ಅದೇ. ಅಕ್ಕ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಒಂದು ತಿಂಗಳಿನ ಆ ಮೌನ ಏನೆಂದು ಅವಳಿಗೆ ಆಗ ಅರ್ಥವಾಯಿತು.

ಅದೇ ಹೊತ್ತಿಗೆ ಪಾಳಿ ಮುಗಿಸಿದ ಹಾರ್ನ್ ಅಣ್ಣ ಒಳಗೆ ಬಂದ. ಅಕ್ಕ ಮೇಜಿನ ಕೆಳಗಿಂದ ಎದ್ದು ಬಂದದ್ದು ನೋಡಿ ಅವನ ಮುಖ ಬಿಳಚಿಕೊಂಡಿತು.

"ಯಾರು ಮೆತ್ತಿದ್ದು ಇದನ್ನ?"

"ನಾನಲ್ಲ ಅಕ್ಕ, ನನ್ನಾಣೆ. ನಾನು ಪೂರ್ತಿ ನುಂಗಿದೀನಿ. ಅದು ಹೊಸ ಹುಡುಗ, ಆ ಬದಲಿ ಡ್ರೈವರ್ರು. ಅವ್ನಿಗೆ ತಡೆಯೋಕಾಗ್ಲಿಲ್ಲ."

"ತಡೆಯೋಕಾಗದಂಥದ್ದು ಏನಿದೆ ಇದ್ರಲ್ಲಿ?"

ಹಾರ್ನ್ ಅಣ್ಣ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಕ್ಕ, ತಪ್ಪಾಯ್ತು. ಚಹಾ ವಿಷ್ಯ ಪುಸ್ತಕದಲ್ಲಿ ಬರೀಬಾರ್ದಿತ್ತು. ನಿಮ್ಮ ಹತ್ರ ಬಾಯಲ್ಲೇ ಹೇಳಬೇಕಿತ್ತು. ನೀವು ಸಿಟ್ಟಾಗಿದ್ದು ನ್ಯಾಯ. ಬೇಕೂಂತ ಕಹಿ ಮಾಡಿ ಬಡಿಸ್ತಿದ್ದೀರಿ ಅಂತ ಮೊದಲ ದಿನಾನೇ ಗೊತ್ತಾಯ್ತು. ಎಲ್ರೂ ಸೇರಿ ಮಾತಾಡ್ಕೊಂಡ್ವಿ, ಸಹಿ ಹಾಕಿದವರೆಲ್ಲ ಬಾಯಿ ಮುಚ್ಕೊಂಡು ತಿನ್ನೋದು ಅಂತ. ಒಂದು ತಿಂಗಳಾಯ್ತಲ್ಲ ಅಕ್ಕ. ಸಾಕು ಮಾಡಿ. ಬೆಳಿಗ್ಗೆ ಬೆಳಿಗ್ಗೆ ಆ ಸೀದ ಕಹಿ ನುಂಗಿ ಸ್ಟೇರಿಂಗ್ ಹಿಡಿದ್ರೆ ಇಡೀ ದಿನ ಹಾಳು."

ಅಕ್ಕ ಬಾಯಿ ತೆರೆದಳು. ನಿಜ ಹೇಳಲು ಒಂದೇ ಉಸಿರು ಸಾಕಿತ್ತು. ಆದರೆ ಅವನು ಎಂಥ ದಾರಿ ತೆರೆದಿಟ್ಟಿದ್ದ ನೋಡಿ! ಬೇಕೆಂದೇ ಕಹಿ ಮಾಡಿದವಳೆಂದರೆ ಕೈ ಕೆಟ್ಟಿಲ್ಲ ಎಂದಾಯಿತು, ನಾಲಿಗೆ ಇದೆ ಎಂದಾಯಿತು. ಕೆಟ್ಟವಳು ಎನಿಸಿಕೊಳ್ಳುವುದು ಕೆಲಸಕ್ಕೆ ಬಾರದವಳು ಎನಿಸಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

"ಇನ್ನು ಮೇಲಾದ್ರೂ ನೆನಪಿರ್ಲಿ" ಎಂದಳು.

"ಇರುತ್ತಕ್ಕ! ಹಾಗಾದ್ರೆ ಮುಂದಿನ ಜಾಮು ಮೊದಲಿನ ಹಾಗೆ?"

"ಮೊದಲಿನ ಹಾಗೆ."

ಅವನು ಖುಷಿಯಿಂದ ಹೊರಟ. ಅಂಗಳದಲ್ಲಿ ನಿಂತಿದ್ದ ಯಾರದೋ ಬಸ್ಸು ಹತ್ತಿ ಎರಡು ಸಲ ಹಾರ್ನ್ ಹೊಡೆದು ಸುದ್ದಿ ಸಾರಿದ. ಅಕ್ಕ ಬಟ್ಟೆ ಒದ್ದೆ ಮಾಡಿಕೊಂಡು ಮೇಜಿನ ಕೆಳಗೆ ಕುಳಿತು ಜಾಮು ಕೆರೆದು ತೆಗೆದಳು. ಆ ಗಂಡಸರು ತನಗೋಸ್ಕರ ಒಂದು ತಿಂಗಳು ಕಹಿ ನುಂಗಿದ್ದರು, ತಾನು ಅವರಿಂದ ತಪ್ಪಾಯ್ತು ಅನ್ನಿಸಿಕೊಂಡಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮನೆಗೆ ಬಂದವಳೇ ಗಂಡನ ಮುಂದೆ ಕುಳಿತು ಎಲ್ಲ ಹೇಳಿಬಿಟ್ಟಳು. ಅವನು ಕನ್ನಡಕ ತೆಗೆದು ಒರೆಸಿದ.

"ಗೊತ್ತಿತ್ತು" ಎಂದ.

"ಏನು ಗೊತ್ತಿತ್ತು ರೀ?"

"ನಿಂಗೆ ರುಚಿ ಹೋಗಿದೆ ಅಂತ. ಜ್ವರ ಬಿಟ್ಟ ಮೇಲೆ ನಮ್ಮನೆ ಊಟದಲ್ಲಿ ಒಂದಿನ ಉಪ್ಪಿಲ್ಲ, ಇನ್ನೊಂದಿನ ಎರಡು ಸಲ. ಇಲ್ಲದ ದಿನ ನೀನು ನೀರು ತರೋಕೆ ಎದ್ದಾಗ ಹಾಕ್ಕೋತಿದ್ದೆ. ಜಾಸ್ತಿಯಾದ ದಿನ ನೀರು ಕುಡೀತಿದ್ದೆ."

"ಮತ್ತೆ ದಿನಾ ಚೆನ್ನಾಗಿದೆ ಅಂತಿದ್ರಲ್ಲ!"

"ಅದನ್ನ ಯಾವತ್ತೂ ಅಂತೀನಲ್ಲ."

ಅಕ್ಕನಿಗೆ ಅಳುವೂ ಬಂತು, ನಗುವೂ ಬಂತು, ಸಿಟ್ಟೂ ಬಂತು. ಮೂರನ್ನೂ ಒಟ್ಟಿಗೆ ಸೆರಗಿನಲ್ಲಿ ಒರೆಸಿಕೊಂಡಳು. ಇಷ್ಟು ವರ್ಷ ಇವನಿಗೆ ನಾಲಿಗೆಯೇ ಇಲ್ಲವೆಂದು ಆಡಿಕೊಂಡಿದ್ದಳು. ಅವನ ನಾಲಿಗೆಗೆ ಎಲ್ಲವೂ ತಿಳಿಯುತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೆ.

"ಮುಂದಿನ ಜಾಮಿಗೆ ನೀವೇ ರುಚಿ ನೋಡಿ ಹೇಳಿ."

"ನನ್ನ ಬಾಯಿಂದ ಚೆನ್ನಾಗಿಲ್ಲ ಅಂತ ಬರಲ್ಲ ಕಣೆ. ಪ್ರಯತ್ನಪಟ್ರೂ ಬರಲ್ಲ. ನಿನಗೆ ಬೇಕಾಗಿರೋದು ಮುಲಾಜಿಲ್ಲದ ನಾಲಿಗೆ" ಎಂದ ಅವನು. ಅಂಥ ನಾಲಿಗೆ ಡಿಪೋದಲ್ಲಿ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಮುಖ ಸಿಂಡರಿಸಿದಳು.

ಎರಡನೆಯ ಸುತ್ತಿನ ಹಣ್ಣು ಬಿದ್ದವು. ಕ್ಯಾನ್ವಾಸಿನ ಮೇಲೆ ಗಂಡ ಬರೆದ ದೊಡ್ಡ ಅಕ್ಷರಗಳ ಸುತ್ತ ಒಣ ಬುಡ್ಡೆಗಳು ಗಾಳಿಗೆ ಸರಸರ ಎನ್ನುತ್ತಿದ್ದವು. ದಿನಾ ಬೆಳಿಗ್ಗೆ ಆರಿಸುವಾಗ ಬೆಂಚುಗಳಿಂದ ಯಾರಾದರೊಬ್ಬರು ಬಂದು, "ಎಷ್ಟಾಯ್ತಕ್ಕ? ಯಾವಾಗ?" ಎಂದು ಕೇಳುತ್ತಿದ್ದರು. ಶಿಕ್ಷೆ ಮುಗಿದ ಸಂತೋಷ ಅವರಿಗೆ. ಕೇಳಿದಾಗಲೆಲ್ಲ ಅವಳ ಕೈಯಲ್ಲಿದ್ದ ಬುಟ್ಟಿ ಭಾರವಾಗುತ್ತಿತ್ತು.

ಭಾನುವಾರ ಬಂತು. ಈ ಸಲ ಹಣ್ಣನ್ನು ತಾನೇ ಬೆಚ್ಚನೆ ನೀರಿನಲ್ಲಿ ಉಜ್ಜಿದಳು, ಹೆಬ್ಬೆರಳಿಗೆ ಅಂಟು ಹತ್ತದೇ ಹೋಗುವವರೆಗೆ. ಪಾತ್ರೆ ಒಲೆಗೇರಿತು, ಹಣ್ಣು ಒಡೆದು ಕುದಿಯತೊಡಗಿತು. ಒಂದು ಹಿಡಿ ಸಕ್ಕರೆ ಹಾಕಿ, ಸೌಟು ಬಾಯಿಗಿಟ್ಟಳು. ಬಿಸಿ, ನುಣುಪು, ಸಣ್ಣ ಬೀಜ. ಅಷ್ಟೇ. ಇನ್ನೊಂದು ಹಿಡಿಯೋ, ಹತ್ತು ಹಿಡಿಯೋ? ಬಾಯಿ ಏನನ್ನೂ ಹೇಳಲಿಲ್ಲ. ಅಕ್ಕ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಅಂಗಳ ದಾಟಿ ಟೈಂಕೀಪರನ ಗೂಡಿಗೆ ನಡೆದಳು. ಭಾನುವಾರ ಕ್ಯಾಂಟೀನಿಗೆ ರಜೆಯಿರಬಹುದು, ಬಸ್ಸುಗಳಿಗಿಲ್ಲವಲ್ಲ.

"ಟೈಂಕೀಪರ್ರೇ, ಐದು ನಿಮಿಷ ಒಳಗೆ ಬನ್ನಿ."

ಅವನು ಗೋಡೆ ಗಡಿಯಾರ ನೋಡಿದ. "ಮುಂದಿನ ಬಸ್ಸಿಗೆ ಇಪ್ಪತ್ತೆರಡು ನಿಮಿಷ ಇದೆ" ಎಂದು ಎದ್ದುಬಂದ.

ಒಲೆಯ ಪಕ್ಕದಲ್ಲಿ ನಿಂತು, ಪಾತ್ರೆಯನ್ನೇ ನೋಡುತ್ತಾ, ಅವಳು ಹೇಳಿದಳು. ಜ್ವರ, ಉಪ್ಪು, ಚಹಾ, ತಳ ಹಿಡಿದ ಜಾಮು. ಹಾರ್ನ್ ಅಣ್ಣನಿಗೆ ಹೇಳಿದ ಸುಳ್ಳನ್ನೂ ಮುಚ್ಚಿಡಲಿಲ್ಲ. ಟೈಂಕೀಪರ್ ಪೂರ್ತಿ ಕೇಳಿಸಿಕೊಂಡ.

"ಹಾಗಾದ್ರೆ ಚಹಾ ತೆಳ್ಳಗಾಗಿದ್ದು ಬೇಕೂಂತಲ್ಲ."

"ಅಲ್ಲ."

"ನಾನು ಕಾರಣ ಕೇಳದೆ ಬರೆದೆ" ಎಂದ ಅವನು. "ಆದ್ರೆ ಅಕ್ಕ, ನಂಗೆ ಸುಳ್ಳು ಹೇಳೋಕೆ ಬರಲ್ಲ. ಯಾರಾದ್ರೂ ಕೇಳಿದ್ರೆ ಇದ್ದದ್ದು ಹೇಳ್ತೀನಿ."

"ಯಾರೂ ಕೇಳೋ ಮೊದ್ಲು ನಾನೇ ಹೇಳ್ತೀನಿ. ಈಗ ಇದನ್ನ ನೋಡಿ ಹೇಳಿ."

ಅವನು ಚಮಚದಲ್ಲಿ ತೆಗೆದುಕೊಂಡು, ಊದಿ, ನಾಲಿಗೆಗೆ ಸೋಕಿಸಿದ. "ಹುಳಿ" ಎಂದ.

"ಹುಳಿ ಅಂದ್ರೆ? ಎಷ್ಟು ಹುಳಿ? ಅಲ್ಲ ಸ್ವಾಮಿ, ಅದನ್ನ ಕಟ್ಕೊಂಡು ನಾನು ಎಷ್ಟು ಸಕ್ಕರೆ ಹಾಕ್ಲಿ?"

ಟೈಂಕೀಪರ್ ಪೇಚಾಡಿದ. ಅವನ ಬಳಿ ಮಾತಿನ ದಾಸ್ತಾನು ಕಡಿಮೆ. ಕೊನೆಗೆ ತನಗೆ ಬರುವ ಲೆಕ್ಕದಲ್ಲೇ ಹೇಳಿದ: "ಹದಿನೈದು ನಿಮಿಷ ಲೇಟು."

ಅಕ್ಕ ಅವನ ಮುಖ ನೋಡಿದಳು. ತಮಾಷೆ ಮಾಡುವ ಮುಖವಲ್ಲ ಅದು. ಮೂರು ಹಿಡಿ ಸಕ್ಕರೆ ಹಾಕಿ ತಿರುವಿದಳು. ಅವನು ಮತ್ತೆ ನೆಕ್ಕಿದ. "ಒಂಬತ್ತು ನಿಮಿಷ." ಇನ್ನೆರಡು ಹಿಡಿ. "ನಾಲ್ಕು ನಿಮಿಷ ಲೇಟು." ಒಂದು ಹಿಡಿ. ಅವನು ಕಣ್ಣು ಮುಚ್ಚಿಕೊಂಡು ನಿಂತ. "ಅರ್ಧ ಹಿಡಿ ಸಾಕು. ಜಾಸ್ತಿ ಹಾಕಿದ್ರೆ ಟೈಮಿಗೆ ಮುಂಚೆ ಹೊರಟುಬಿಡುತ್ತೆ." ಅರ್ಧ ಹಿಡಿ ಬಿತ್ತು. ಅವನು ಕೊನೆಯ ಸಲ ನೆಕ್ಕಿ, ಚಮಚ ಕೆಳಗಿಟ್ಟು, ಪೆನ್ನಿಲ್ಲದ ಕೈಯಿಂದ ಗಾಳಿಯಲ್ಲಿ ಒಂದು ಗೀಟೆಳೆದ. "ಸರಿಯಾದ ಸಮಯ" ಎಂದ. ತಳ ಹಿಡಿಯದಂತೆ ಇಬ್ಬರೂ ಸರದಿಯಲ್ಲಿ ತಿರುವಿದರು. ನಡುವೆ ಅವನು ಎರಡು ಸಲ ಓಡಿಹೋಗಿ ಬಸ್ಸಿನ ಹೊತ್ತು ಬರೆದು ಬಂದ.

ಸೋಮವಾರ ಬೆಳಿಗ್ಗೆ ಆರೂ ಬೆಂಚು ತುಂಬಿದ್ದವು. ಬಾಟಲಿಗಳ ಮುಚ್ಚಳ ತೆಗೆದಳು. ಆದರೆ ಬಡಿಸಲಿಲ್ಲ. ಸೌಟು ಹಿಡಿದು ನಡುವೆ ನಿಂತಳು.

"ತಿನ್ನೋಕೆ ಮುಂಚೆ ಒಂದು ಮಾತು. ಹೋದ ತಿಂಗಳಿನದ್ದು ಶಿಕ್ಷೆ ಅಲ್ಲ. ನಂಗೆ ಸಿಟ್ಟು ಬಂದಿತ್ತು, ಆದ್ರೆ ಬೇಕೂಂತ ಕಹಿ ಮಾಡ್ಲಿಲ್ಲ. ಜ್ವರ ಬಂದಾಗಿನಿಂದ ನಂಗೆ ವಾಸನೆ ಇಲ್ಲ, ರುಚಿ ಇಲ್ಲ. ತಳ ಹಿಡಿದಿದ್ದೇ ಗೊತ್ತಾಗ್ಲಿಲ್ಲ. ಹಾರ್ನ್ ಅಣ್ಣ ತಪ್ಪಾಯ್ತು ಅಂದಾಗ ನಾನು ಹೂಂ ಅಂದುಬಿಟ್ಟೆ. ತಪ್ಪು ನಿಮ್ಮದಲ್ಲ, ನನ್ನದು. ಈ ಜಾಮಿನ ರುಚಿ ನೋಡಿದ್ದು ಟೈಂಕೀಪರ್ರು. ಮ್ಯಾನೇಜರಿಗೆ ಯಾರಾದ್ರೂ ಹೇಳೋದಾದ್ರೆ ಹೇಳಿ. ಪುಸ್ತಕ ಅಲ್ಲೇ ನೇತಾಡ್ತಿದೆ."

ಹಾರ್ನ್ ಅಣ್ಣನ ಬಾಯಿ ತೆರೆದಿತ್ತು.

"ಅಂದ್ರೆ," ಎಂದ ಅವನು ನಿಧಾನವಾಗಿ, "ನಾವು ಒಂದು ತಿಂಗಳು ಆ ವಿಷಾನ ಸುಮ್ಸುಮ್ನೆ ತಿಂದ್ವಾ?"

ಮೊದಲು ನಕ್ಕವನು ಟೈಂಕೀಪರ್. ಅವನು ನಗುವುದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಕೆಮ್ಮುತ್ತಿದ್ದಾನೆಂದು ಪಕ್ಕದವನು ನೀರು ಕೊಟ್ಟ. ಆಮೇಲೆ ಆರೂ ಬೆಂಚು ನಕ್ಕವು. ಅಕ್ಕ ಸೌಟು ಹಿಡಿದುಕೊಂಡೇ ನಿಂತಿದ್ದಳು, ನಗಬೇಕೋ ಅಳಬೇಕೋ ತಿಳಿಯದೆ. ಪುಸ್ತಕದ ಕಡೆಗೆ ಯಾರೂ ಹೋಗಲಿಲ್ಲ. ಹಾರ್ನ್ ಅಣ್ಣ ಎದ್ದುಬಂದು ಅವಳ ಕೈಯಿಂದ ಸೌಟು ತೆಗೆದುಕೊಂಡು, ತಾನೇ ಎಲ್ಲರ ಬ್ರೆಡ್ಡಿಗೂ ಬಡಿಸಿದ. ಅವಳನ್ನು ಬೆಂಚಿನ ತುದಿಯಲ್ಲಿ ಕೂರಿಸಿ ಅವಳ ಮುಂದೆಯೂ ಒಂದು ತುಂಡು ಇಟ್ಟ. ಇಪ್ಪತ್ತಾರು ವರ್ಷದಲ್ಲಿ ಆ ಬೆಂಚಿನ ಮೇಲೆ ಅವಳು ಕುಳಿತದ್ದು ಅದೇ ಮೊದಲು.

"ನಂಗ್ಯಾಕೆ? ದಂಡ" ಎಂದಳು.

"ನೀವು ತಿನ್ನಿ. ರುಚಿ ನಾವು ಹೇಳ್ತೀವಿ" ಎಂದ ಹಾರ್ನ್ ಅಣ್ಣ. ಒಂದು ಕಚ್ಚು ಕಚ್ಚಿ, ಕಣ್ಣು ಮುಚ್ಚಿದ. "ಚೆನ್ನಾಗಿದೆ ಅಕ್ಕ."

"ನಮ್ಮನೆಯವರ ಹಾಗೆ ಹೇಳ್ಬೇಡಿ. ಸರಿಯಾಗಿ ಹೇಳಿ!"

ಹಾರ್ನ್ ಅಣ್ಣ ಮತ್ತೊಂದು ಕಚ್ಚು ಕಚ್ಚಿ ನೋಡಿದ. ಆಗ ನಾಲ್ಕನೆಯ ಮೇಜಿನ ಬದಲಿ ಡ್ರೈವರ್, ಜಾಮು ಮೆತ್ತಿದ ಆ ಹೊಸಬ, ತಲೆ ತಗ್ಗಿಸಿಕೊಂಡೇ ಮಾತಾಡಿದ. "ಮೊದ್ಲು ಸಿಹಿ ಅಕ್ಕ, ನಾಲಿಗೆ ತುದೀಲಿ. ಆಮೇಲೆ ಬೀಜ ಹಲ್ಲಿಗೆ ಸಿಕ್ಕಿ ಒಡೆಯುತ್ತಲ್ಲ, ಆಗ ಹುಳಿ ಬರುತ್ತೆ. ಒಂದೇ ಸಲ. ಇಲ್ಲಿ, ಕಿವಿ ಕೆಳಗೆ, ದವಡೆ ಮೂಲೇಲಿ ಜುಂ ಅಂತ ಹಿಡಿಯುತ್ತೆ. ಕಣ್ಣು ಮುಚ್ಚಿಕೊಳ್ಳೋ ಹಾಗಾಗುತ್ತೆ. ಅದು ಹೋಗ್ತಾ ಹೋಗ್ತಾ ಮತ್ತೆ ಸಿಹಿ."

ಅಕ್ಕ ಬ್ರೆಡ್ಡು ಕಚ್ಚಿದಳು. ನಾಲಿಗೆಗೆ ಏನೂ ತಿಳಿಯಲಿಲ್ಲ. ಬೀಜ ಹಲ್ಲಿಗೆ ಸಿಕ್ಕಿ ಒಡೆಯಿತು. ಅವನು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಏನೋ ಹಿಂಡಿದಂತಾಗಿ ಬಾಯಿ ತುಂಬ ನೀರೂರಿತು. ಜ್ವರ ಬಿಟ್ಟಾಗಿನಿಂದ ಅವಳ ಬಾಯಲ್ಲಿ ನೀರೂರಿರಲಿಲ್ಲ. ರುಚಿ ಬಂದಿರಲಿಲ್ಲ, ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೂ ಬಾಯಿ ಆ ಹುಳಿಯನ್ನು ಮರೆತಿರಲಿಲ್ಲ. ಅವಳು ಆ ನೀರನ್ನು ತಡೆದು ತಡೆದು ನುಂಗಿದಳು. ಕಣ್ಣಿನಿಂದಲೂ ನೀರು ಇಳಿಯಿತು, ಅದನ್ನು ಒರೆಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳಪ್ಪ" ಎಂದಳು ಬದಲಿ ಡ್ರೈವರಿಗೆ.

ಟೈಂಕೀಪರ್ ಗೋಡೆ ಗಡಿಯಾರ ನೋಡಿದ, ಕೈಯಲ್ಲಿದ್ದ ಬಸ್ಸಿನ ವೇಳೆಯ ಪುಸ್ತಕ ನೋಡಿದ, ಆಮೇಲೆ ಪುಸ್ತಕ ಮುಚ್ಚಿದ. ಆ ದಿನ ಮೊದಲ ಬಸ್ಸು ಆರು ನಿಮಿಷ ತಡವಾಗಿ ಹೊರಟಿತು, ಅವನು ಅದನ್ನು ಬರೆಯಲಿಲ್ಲ.